ರುಚಿ ನೋಡುವುದು ಕಣ್ಣೋ, ನಾಲಗೆಯೋ?

ಬೆಂಗಳೂರಿನಿಂದ ಉತ್ತರ ದಿಕ್ಕಿಗೆ ಸುಮಾರು 40 ಕಿಲೋಮೀಟರು ಸಾಗಿದರೆ ದೊಡ್ಡಬಳ್ಳಾಪುರದ ಸೀಮೆ ಬರುತ್ತದೆ. ನಂದಿಬೆಟ್ಟವು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಕೆಮ್ಮಣ್ಣಿನ ಹೊಲಗಳಲ್ಲಿ ಕಲ್ಲುಕಂಬಗಳನ್ನು ನೆಟ್ಟು, ತಂತಿ ಬಿಗಿದು, ಅದರ ಮೇಲೆ ದ್ರಾಕ್ಷಿಯ ಬಳ್ಳಿಗಳನ್ನು ಹಬ್ಬಿಸಿರುವ ನೋಟವನ್ನು ಆ ದಾರಿಯಲ್ಲಿ ಹೋದವರೆಲ್ಲರೂ ಬಲ್ಲರು. ಈ ತೋಟಗಳಿಗೆ ಹಣ್ಣಿನ ವ್ಯಾಪಾರಿಗಳು ಬರುವುದು ಹಳೆಯ ಸಂಗತಿ. ಈಗ ಶನಿವಾರ ಭಾನುವಾರಗಳಂದು ನಗರದಿಂದ ಬೇರೊಂದು ಬಗೆಯ ಯಾತ್ರಿಕರು ಬರತೊಡಗಿದ್ದಾರೆ. ಅವರು ತೋಟವನ್ನು ಸುತ್ತಿ, ಉಕ್ಕಿನ ತೊಟ್ಟಿಗಳನ್ನೂ ಓಕ್ ಮರದ ಪೀಪಾಯಿಗಳನ್ನೂ ನೋಡಿ, ಕೊನೆಗೆ ಮೇಜಿನ ಸುತ್ತ ಕುಳಿತು ನಾಲ್ಕಾರು ಬಗೆಯ ವೈನುಗಳನ್ನು ಒಂದೊಂದು ಗುಟುಕು ಚಪ್ಪರಿಸಿ, ಅವುಗಳ ಗುಣದೋಷಗಳನ್ನು ವಿಚಾರಿಸಿ ಹಿಂದಿರುಗುತ್ತಾರೆ. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿಯ ಸಂಸ್ಕರಣೆ ಮತ್ತು ವೈನ್ ತಯಾರಿಕೆಗೆಂದು ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿದ ಮೇಲೆ ಈ ಉದ್ಯಮಕ್ಕೂ, ಅದರ ಜೊತೆಗೆ ಈ ವಿಹಾರಕ್ಕೂ ಕಳೆ ಬಂದಿದೆ.

ವಿಹಾರವು ಅಲ್ಲಿಗೇ ಮುಗಿಯುವುದಿಲ್ಲ. ನಗರಕ್ಕೆ ಹಿಂದಿರುಗುವ ವೇಳೆಗೆ ರಾತ್ರಿಯಾಗಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಸಜ್ಜನರಾವ್ ವೃತ್ತದ ಬಳಿಯ ತಿಂಡಿಬೀದಿಯಲ್ಲಿಯೋ, ಇನ್ನಾವುದಾದರೂ ರಸ್ತೆಯ ಮೂಲೆಯ ಗಾಡಿಯ ಮುಂದೆಯೋ ನಿಂತು, ಕಾವಲಿಯಿಂದ ಆಗತಾನೇ ಎತ್ತಿದ ದೋಸೆಯನ್ನು ಬೆರಳು ಸುಡುತ್ತಿರುವಂತೆಯೇ ಮುರಿದು ಬಾಯಿಗಿಟ್ಟು, ‘ಇಂಥ ದೋಸೆ ಊರಿನಲ್ಲಿಯೇ ಇಲ್ಲ’ ಎಂದು ತೀರ್ಪು ಕೊಡುವುದರೊಂದಿಗೆ ಆ ದಿನ ಮುಕ್ತಾಯವಾಗುತ್ತದೆ.

ನಮ್ಮ ವಾಚಕರಲ್ಲಿ ಬಹುಪಾಲು ಮಂದಿ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು. ವೈನಿನ ಮೇಜಿನ ಬಳಿ ಅವರಿಗೆ ಸ್ಥಾನವಿಲ್ಲ, ಇರಲೂ ಕೂಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯಪಾನವನ್ನು 1988ರಲ್ಲಿಯೇ ಕ್ಯಾನ್ಸರಿನ ಖಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದು ಮದ್ಯದ ವಿಷಯದಲ್ಲಿ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸ್ಪಷ್ಟಪಡಿಸಿತು. ಹಾಗಾದರೆ ವಿಜ್ಞಾನ ಪತ್ರಿಕೆಯೊಂದು ಈ ವಿಷಯವನ್ನು ಎತ್ತಿಕೊಳ್ಳುವುದೇಕೆ ಎಂದು ಕೇಳಬಹುದು. ಆ ಮೇಜಿನ ಮೇಲೆ ಎರಡು ಪದಾರ್ಥಗಳಿವೆ. ಒಂದು ಮದ್ಯ, ಇನ್ನೊಂದು ರುಚಿ ನೋಡುವ ವಿದ್ಯೆ. ಮೊದಲನೆಯದನ್ನು ಅಲ್ಲಿಯೇ ಬಿಟ್ಟು ಎರಡನೆಯದನ್ನು ನಮ್ಮ ಶಾಲೆಗಳಿಗೆ ತರಬೇಕೆಂಬುದು ನಮ್ಮ ವಾದ. ಅಷ್ಟೇ ಅಲ್ಲ, ಆ ಮೇಜಿನ ಬಳಿ ಈ ವಿದ್ಯೆಯು ನಡೆಯುವ ಕ್ರಮವೇ ಸರಿಯಿಲ್ಲ. ನಮ್ಮ ವಿದ್ಯಾರ್ಥಿಗಳು ಅದನ್ನು ಇನ್ನೂ ಚೆನ್ನಾಗಿ ಮಾಡಬಲ್ಲರು ಎಂದೂ ನಾವು ಹೇಳುತ್ತೇವೆ.

ಕನ್ನಡದಲ್ಲಿ ನಾವು ರುಚಿಯನ್ನು ‘ನೋಡು’ತ್ತೇವೆ. ಉಪ್ಪು ನೋಡು, ಹುಳಿ ನೋಡು ಎಂದು ಅಡುಗೆಮನೆಯಲ್ಲಿ ದಿನವೂ ಕೇಳುವ ಮಾತು. ಇದು ಬರಿಯ ಮಾತಿನ ರೂಢಿಯೆಂದು ತಿಳಿದಿದ್ದೆವು. ಆದರೆ ಕಳೆದ ಕೆಲವು ದಶಕಗಳ ಪ್ರಯೋಗಗಳನ್ನು ಗಮನಿಸಿದರೆ ಈ ಮಾತು ಅಕ್ಷರಶಃ ನಿಜವಾಗಿರುವಂತೆ ತೋರುತ್ತದೆ. ರುಚಿಯನ್ನು ನೋಡುವ ಕೆಲಸದಲ್ಲಿ ನಾಲಗೆಯ ಪಾಲು ಚಿಕ್ಕದು, ಮೂಗಿನ ಪಾಲು ದೊಡ್ಡದು. ಕಣ್ಣು ಇವೆರಡನ್ನೂ ಸುಲಭವಾಗಿ ದಾರಿ ತಪ್ಪಿಸಬಲ್ಲುದು.

ಮೊದಲು ನಾಲಗೆಯ ಮಾತು. ನಾಲಗೆಯ ತುದಿಯಲ್ಲಿ ಸಿಹಿ, ಅಂಚುಗಳಲ್ಲಿ ಉಪ್ಪು ಮತ್ತು ಹುಳಿ, ಬುಡದಲ್ಲಿ ಕಹಿ ಎಂದು ವಿಭಾಗಿಸಿ ತೋರಿಸುವ ನಕ್ಷೆಯೊಂದನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಆ ನಕ್ಷೆ ತಪ್ಪು. ಜರ್ಮನಿಯ ಹೆನಿಗ್ ಎಂಬ ವಿಜ್ಞಾನಿ 1901ರಲ್ಲಿ ನಾಲಗೆಯ ಬೇರೆ ಬೇರೆ ಭಾಗಗಳ ಸೂಕ್ಷ್ಮತೆಯನ್ನು ಅಳೆದು, ಅವುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದೆಯೆಂದಷ್ಟೇ ಹೇಳಿದ್ದನು. ಅಮೆರಿಕದ ಬೋರಿಂಗ್ ಎಂಬ ಮನೋವಿಜ್ಞಾನಿ 1942ರಲ್ಲಿ ತನ್ನ ಗ್ರಂಥದಲ್ಲಿ ಅದನ್ನು ಚಿತ್ರಿಸಿದ ರೀತಿಯಿಂದ ಅಲ್ಪವಾದ ವ್ಯತ್ಯಾಸವು ಬೃಹತ್ತಾಗಿ ಕಂಡಿತು. ಅಲ್ಲಿಂದ ಮುಂದೆ ಪುಸ್ತಕದಿಂದ ಪುಸ್ತಕಕ್ಕೆ ಗಡಿರೇಖೆಗಳು ದಪ್ಪವಾಗುತ್ತ ಹೋದವು. 1974ರಲ್ಲಿ ವರ್ಜೀನಿಯ ಕಾಲಿಂಗ್ಸ್ ಮತ್ತೆ ಅಳೆದು ನೋಡಿ ಈ ವ್ಯತ್ಯಾಸಗಳು ಲೆಕ್ಕಕ್ಕೆ ಬಾರದಷ್ಟು ಸಣ್ಣವೆಂದು ತೋರಿಸಿದಳು. ರುಚಿಮೊಗ್ಗುಗಳಿರುವ ಕಡೆಯಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಇದನ್ನು ಕಂಡುಕೊಳ್ಳಲು ಪ್ರಯೋಗಶಾಲೆ ಬೇಕಿಲ್ಲ. ನಾಲಗೆಯ ತುದಿಗೆ ಒಂದು ಹರಳು ಉಪ್ಪು ಇಟ್ಟುಕೊಂಡರೆ ಸಾಕು. ಇಷ್ಟಾದರೂ ಎಷ್ಟೋ ವರ್ಷ ಎಷ್ಟೋ ತರಗತಿಗಳಲ್ಲಿ ಯಾರೊಬ್ಬರೂ ಆ ಹರಳನ್ನು ಇಟ್ಟು ನೋಡಲಿಲ್ಲವೆಂಬುದೇ ನಮಗೆ ವ್ಯಸನ ತರುವ ಸಂಗತಿ. ವೈನಿನ ಬಟ್ಟಲುಗಳನ್ನು ಮಾರುವವರು ಕೂಡ, ಇಂಥ ಆಕಾರದ ಬಟ್ಟಲು ಪಾನೀಯವನ್ನು ನಾಲಗೆಯ ಇಂಥ ಭಾಗಕ್ಕೇ ಮುಟ್ಟಿಸುತ್ತದೆಂದು ಇದೇ ನಕ್ಷೆಯನ್ನು ಆಧಾರ ಮಾಡಿಕೊಂಡು ಹೇಳಿದ್ದುಂಟು.

ಇಂದಿನ ವಿಜ್ಞಾನವು ಒಪ್ಪಿರುವ ಮೂಲ ರುಚಿಗಳು ಐದು: ಸಿಹಿ, ಹುಳಿ, ಉಪ್ಪು, ಕಹಿ, ಮತ್ತು 1908ರಲ್ಲಿ ಜಪಾನಿನ ಇಕೆಡಾ ಎಂಬ ರಸಾಯನವಿಜ್ಞಾನಿಯು ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ ಗ್ಲುಟಾಮಿಕ್ ಆಮ್ಲದ ರುಚಿಯಾದ ಉಮಾಮಿ. ನಮ್ಮ ಹಿರಿಯರ ಎಣಿಕೆಯಲ್ಲಿ ರಸಗಳು ಆರು. ಅದರಲ್ಲಿ ಉಮಾಮಿ ಇಲ್ಲ; ಆದರೆ ಖಾರ ಮತ್ತು ಒಗರು ಇವೆ. ಈ ಎರಡನ್ನೂ ಆಧುನಿಕ ಶರೀರವಿಜ್ಞಾನವು ರುಚಿಗಳೆಂದು ಕರೆಯುವುದಿಲ್ಲ. ಖಾರವೆಂಬುದು ಉರಿಯನ್ನು ತಿಳಿಸುವ ನರಗಳ ಕೆಲಸ. ಸುಡುವ ಶಾಖಕ್ಕೆ ಎಚ್ಚರಗೊಳ್ಳುವ ಗ್ರಾಹಕವೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನಿಗೂ ಎಚ್ಚರಗೊಳ್ಳುತ್ತದೆಂದು ಡೇವಿಡ್ ಜೂಲಿಯಸ್ಸರ ತಂಡ 1997ರಲ್ಲಿ ಕಂಡುಹಿಡಿಯಿತು. ಅದಕ್ಕಾಗಿ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಒಗರು ಎಂಬುದು ಮುಖ್ಯವಾಗಿ ಸ್ಪರ್ಶ. ಟ್ಯಾನಿನ್ ಎಂಬ ವಸ್ತುಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಗಟ್ಟಿಸುವುದರಿಂದ ಬಾಯಿಯ ಜಾರುಗುಣ ಹೋಗಿ ನಾಲಗೆ ಒರಟಾದಂತಾಗುತ್ತದೆ. ಕೆಂಪು ವೈನನ್ನು ವರ್ಣಿಸುವ ವಿದೇಶೀಯರು ಈ ಗುಣಕ್ಕೆ ಬಗೆಬಗೆಯ ಉಪಮಾನಗಳನ್ನು ಹುಡುಕುತ್ತಾರೆ. ನೇರಿಳೆಹಣ್ಣನ್ನೋ, ಎಳೆಯ ಬಾಳೆಕಾಯಿಯನ್ನೋ, ಹಸಿ ಅಡಿಕೆಯನ್ನೋ ಕಚ್ಚಿ ಬೆಳೆದ ನಮ್ಮ ಹುಡುಗನಿಗೆ ಅದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ಶಬ್ದಸಂಪತ್ತಿನಲ್ಲಿ ನಾವು ಬಡವರಲ್ಲ.

ಇನ್ನು ಮೂಗು. ಕಿತ್ತಳೆಯದೋ ಅನಾನಸಿನದೋ ವಾಸನೆ ಕಟ್ಟಿದ ಒಂದು ಪೆಪ್ಪರಮಿಂಟನ್ನು ಕಣ್ಣು ಮುಚ್ಚಿ, ಮೂಗನ್ನು ಬಿಗಿಯಾಗಿ ಹಿಡಿದು ಬಾಯಿಗೆ ಹಾಕಿಕೊಳ್ಳಿರಿ. ಸಿಹಿ ಮತ್ತು ಕೊಂಚ ಹುಳಿಯ ಹೊರತು ಮತ್ತೇನೂ ತಿಳಿಯದು. ಮೂಗನ್ನು ಬಿಟ್ಟೊಡನೆ, ಒಂದೇ ಉಸಿರಿನಲ್ಲಿ, ಹಣ್ಣು ಯಾವುದೆಂಬುದು ಹೊಳೆಯುತ್ತದೆ. ಬಾಯಿಯಲ್ಲಿ ಆವಿಯಾದ ಗಂಧವು ಗಂಟಲಿನ ಹಿಂಬದಿಯ ದಾರಿಯಿಂದ ಮೂಗನ್ನು ಸೇರುವುದೇ ಇದಕ್ಕೆ ಕಾರಣ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ನಾಲಗೆ ಕೆಟ್ಟದ್ದರಿಂದಲ್ಲ, ಈ ದಾರಿ ಮುಚ್ಚಿದ್ದರಿಂದ. ನಾಲಗೆಯ ಮೂಲ ರುಚಿಗಳನ್ನು ಬೆರಳುಗಳಲ್ಲಿ ಎಣಿಸಿದರೆ ಮುಗಿಯುತ್ತದೆ. ಮೂಗಿನಲ್ಲಿಯಾದರೋ ಸುಮಾರು 400 ಬಗೆಯ ಗಂಧಗ್ರಾಹಕಗಳಿವೆ. ಈ ಗ್ರಾಹಕಗಳ ಕುಲವನ್ನು 1991ರಲ್ಲಿ ಕಂಡುಹಿಡಿದ ಲಿಂಡ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಮೂಗಿನ ವಿಷಯದಲ್ಲಿ ನಮಗೆ ಬಹಳ ಇಷ್ಟವಾದ ಒಂದು ಕಥೆಯಿದೆ. ಶಿರಾಜ್ ಎಂಬ ದ್ರಾಕ್ಷಿಯಿಂದ ಮಾಡಿದ ವೈನಿನಲ್ಲಿ ಕಾಳುಮೆಣಸಿನ ಗಂಧವಿದೆಯೆಂದು ರುಚಿ ನೋಡುವವರು ಹೇಳುತ್ತ ಬಂದಿದ್ದರು. ನಂದಿಬೆಟ್ಟದ ಸೀಮೆಯಲ್ಲಿಯೂ ಈ ದ್ರಾಕ್ಷಿಯನ್ನು ಬೆಳೆಯುತ್ತಾರೆ. ಮೆಣಸಿಗೂ ದ್ರಾಕ್ಷಿಗೂ ಎತ್ತಣ ಸಂಬಂಧ, ಇದು ವರ್ಣನೆಯ ಅತಿರೇಕವೆಂದು ಹೊರಗಿನವರು ನಗುತ್ತಿದ್ದರು. ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ಆ ಗಂಧಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಅದರ ಹೆಸರು ರೊಟುಂಡೋನ್. ಅದೇ ವಸ್ತು ಕಾಳುಮೆಣಸಿನಲ್ಲಿ ಹೇರಳವಾಗಿದ್ದು, ಮೆಣಸಿನ ಸಾರು ಕುದಿಯುವಾಗ ಮನೆಯೆಲ್ಲ ಹರಡುವ ಗಂಧದ ಮುಖ್ಯ ಅಂಶವೂ ಅದೇ ಆಗಿದೆ. ಒಂದು ಲೀಟರು ನೀರಿನಲ್ಲಿ ಅದು 8 ನ್ಯಾನೊಗ್ರಾಮಿನಷ್ಟಿದ್ದರೂ ಮನುಷ್ಯನ ಮೂಗು ಗುರುತಿಸಬಲ್ಲುದು. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಇದಕ್ಕಿಂತ ವಿಚಿತ್ರವಾದುದು ಮುಂದಿದೆ. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಂದಿಗೆ, ಪ್ರಮಾಣವನ್ನು ಎಷ್ಟು ಹೆಚ್ಚಿಸಿದರೂ ಈ ಗಂಧ ತಿಳಿಯಲೇ ಇಲ್ಲ! ಒಂದೇ ಪಾತ್ರೆಯ ಸಾರನ್ನು ಉಂಡ ಇಬ್ಬರು ಬೇರೆ ಬೇರೆ ಸಾರನ್ನು ಉಂಡಿರುತ್ತಾರೆ. ಅವರು ಜಗಳವಾಡಿದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು.

ಆದುದರಿಂದ ವೈನ್ ಪರೀಕ್ಷಕರೆಲ್ಲ ವಂಚಕರೆಂದು ತಳ್ಳಿಹಾಕುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಅವರ ಮೂಗು ಅಳೆಯುವ ವಸ್ತು ನಿಜವಾಗಿಯೂ ಅಲ್ಲಿದೆ. ಆದರೆ ಉಪಕರಣವು ಸೂಕ್ಷ್ಮವಾಗಿದ್ದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲವೆಂಬುದನ್ನು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ತಕ್ಕಡಿ ಹಿಡಿದ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಗಾಳಿ ಬೀಸಿದರೆ ತಕ್ಕಡಿ ವಾಲುತ್ತದೆ. ನಾಲಗೆ ಮೂಗುಗಳ ತಕ್ಕಡಿಗೆ ಬೀಸುವ ಗಾಳಿ ಕಣ್ಣಿನದು.

ಫ್ರಾನ್ಸಿನ ಬೋರ್ಡೊ ನಗರದಲ್ಲಿ ವೈನ್ ಶಾಸ್ತ್ರವನ್ನೇ ಅಭ್ಯಾಸ ಮಾಡುತ್ತಿದ್ದ 54 ಮಂದಿ ವಿದ್ಯಾರ್ಥಿಗಳಿಗೆ ಬಿಳಿಯ ವೈನನ್ನು ಕೊಟ್ಟು, ಅದರ ಗಂಧವನ್ನು ವರ್ಣಿಸಿರೆಂದು ಕೇಳಲಾಯಿತು. ಅದೇ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಮತ್ತೆ ಕೊಟ್ಟಾಗ, ಅವರು ಕೆಂಪು ವೈನಿಗೆ ಮೀಸಲಾದ ಶಬ್ದಗಳಿಂದಲೇ ಅದನ್ನು ವರ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿ ಅನೇಕರು ನಕ್ಕರು. ನಗುವಂಥದೇನೂ ಇದರಲ್ಲಿಲ್ಲ. ಮಿದುಳು ಗಂಧವನ್ನು ಹೆಸರಿಸುವಾಗ ತನಗೆ ದೊರೆತ ಸೂಚನೆಗಳನ್ನೆಲ್ಲ ಕೂಡಿಸಿಕೊಳ್ಳುತ್ತದೆ. ಬಣ್ಣವು ಬಹುಮಟ್ಟಿಗೆ ನಂಬತಕ್ಕ ಸೂಚನೆಯೇ ಆಗಿದೆ. ಮಾವು ಮಾಗಿದೆಯೇ ಇಲ್ಲವೇ ಎಂಬುದನ್ನು ನಾವು ದೂರದಿಂದಲೇ ತಿಳಿಯುವುದು ಹೀಗಲ್ಲವೇ?

ಬಣ್ಣಕ್ಕಿಂತ ಬಲವಾದ ಗಾಳಿ ಬೆಲೆಯದು. 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ 20 ಜನರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಕೊಳವೆಯ ಮೂಲಕ ವೈನನ್ನು ಕೊಟ್ಟು, ಪ್ರತಿ ಸಲವೂ ಅದರ ಬೆಲೆಯನ್ನು ತಿಳಿಸುತ್ತ ಹೋದರು. 90 ಡಾಲರಿನ ವೈನನ್ನು ಒಮ್ಮೆ 90 ಎಂದೂ ಇನ್ನೊಮ್ಮೆ 10 ಎಂದೂ ಹೇಳಿದರು. 5 ಡಾಲರಿನದನ್ನು ಒಮ್ಮೆ 5 ಎಂದೂ ಇನ್ನೊಮ್ಮೆ 45 ಎಂದೂ ಹೇಳಿದರು. ಹೆಚ್ಚು ಬೆಲೆ ಹೇಳಿದಾಗ ಅದೇ ವೈನು ಹೆಚ್ಚು ಹಿತವೆನಿಸಿತು. ಅವರು ನಾಚಿಕೆಯಿಂದ ಹಾಗೆ ಹೇಳಿದರೆಂದುಕೊಳ್ಳುವಂತಿಲ್ಲ; ಹಿತಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಎಂದರೆ ಬೆಲೆಯ ಚೀಟಿಯು ನಮ್ಮ ಮಾತನ್ನು ಮಾತ್ರವಲ್ಲ, ಅನುಭವವನ್ನೇ ಬದಲಾಯಿಸುತ್ತದೆ. ತೋಟದಲ್ಲಿ ಕುಳಿತು, ಸೀಸೆಯ ಮೇಲಿನ ಹೆಸರನ್ನು ಓದಿ, ಮಾರುವವನ ವಿವರಣೆಯನ್ನು ಕೇಳಿ, ಬೆಲೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ‘ರುಚಿ ನೋಡುವ’ ವಿಹಾರಿಗಳು ನೋಡುತ್ತಿರುವುದು ಏನನ್ನು? ಬಟ್ಟಲಿನಲ್ಲಿರುವುದನ್ನು ಅಲ್ಪವಾಗಿ, ಉಳಿದುದನ್ನು ಅಧಿಕವಾಗಿ ಎಂದು ಹೇಳದೆ ವಿಧಿಯಿಲ್ಲ.

ನಿಪುಣರ ಗತಿಯೇನು? ಸಮುದ್ರವಿಜ್ಞಾನವನ್ನು ಬೋಧಿಸುತ್ತಿದ್ದು ಅನಂತರ ವೈನ್ ತಯಾರಿಕೆಗೆ ಇಳಿದ ರಾಬರ್ಟ್ ಹಾಡ್ಜ್‌ಸನ್ ಎಂಬವರು, ಕ್ಯಾಲಿಫೋರ್ನಿಯ ರಾಜ್ಯದ ವೈನ್ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ತಿಳಿಯದಂತೆ ಒಂದೇ ಸೀಸೆಯ ವೈನನ್ನು ಮೂರು ಸಲ ಇತರ ವೈನುಗಳ ನಡುವೆ ಸೇರಿಸಿ ಕೊಡಿಸಿದರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕವನ್ನು ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ. ಒಂದೇ ಸೀಸೆಗೆ ಒಮ್ಮೆ ಕಂಚಿನ ಪದಕವನ್ನೂ ಇನ್ನೊಮ್ಮೆ ಚಿನ್ನದ ಪದಕವನ್ನೂ ಕೊಟ್ಟವರು ಇನ್ನೊಂದು ಹತ್ತರಲ್ಲಿ ಒಂದು ಪಾಲು. ಇದು ಪ್ರಕಟವಾದದ್ದು ಕೂಡ 2008ರಲ್ಲಿಯೇ.

ಇಷ್ಟನ್ನು ಕೇಳಿ ಕಣ್ಣು ಕಟ್ಟಿದ ಪರೀಕ್ಷೆಯು ಪಂಡಿತರ ಮಾನ ಕಳೆಯಲು ಹೂಡಿದ ಉಪಾಯವೆಂದು ಭಾವಿಸಬಾರದು. ಅದರ ನಿಜವಾದ ಉಪಯೋಗ ಹೆಸರಿಲ್ಲದವರಿಗೆ ನ್ಯಾಯ ದೊರಕಿಸುವುದರಲ್ಲಿದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕನು ಫ್ರಾನ್ಸಿನ ಪ್ರಸಿದ್ಧ ವೈನುಗಳ ಜೊತೆಗೆ ಕ್ಯಾಲಿಫೋರ್ನಿಯದ ವೈನುಗಳನ್ನೂ ಹೆಸರು ಮರೆಮಾಡಿ ಇರಿಸಿದನು. ಲೆಕ್ಕಕ್ಕೆ ಹಿಡಿದದ್ದು ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರ ಅಂಕಗಳನ್ನು. ಬಿಳಿಯದರಲ್ಲಿಯೂ ಕೆಂಪಿನದರಲ್ಲಿಯೂ ಮೊದಲ ಸ್ಥಾನ ಬಂದದ್ದು ಕ್ಯಾಲಿಫೋರ್ನಿಯಕ್ಕೆ! ಹೆಸರು ಕಾಣುವಂತಿದ್ದರೆ ಈ ಫಲಿತಾಂಶ ಬರುತ್ತಿತ್ತೇ? ನಮ್ಮ ನಾಡಿನ ಬೆಳೆಗಾರರು ಇದನ್ನು ಗಮನಿಸಬೇಕು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ನಮ್ಮ ‘ಬೆಂಗಳೂರು ನೀಲಿ’ ದ್ರಾಕ್ಷಿಯು ಅಮೆರಿಕದ ಲಬ್ರುಸ್ಕ ಕುಲಕ್ಕೆ ಸೇರಿದುದು. ಆ ಕುಲದ ಘಾಟು ಗಂಧವನ್ನು ಯುರೋಪಿನ ಪಂಡಿತರು ಒರಟೆಂದು ಹಳಿಯುತ್ತ ಬಂದಿದ್ದಾರೆ. ಆ ಗಂಧ ಒರಟೋ ಸೊಗಸೋ ಎಂಬುದನ್ನು ಹೆಸರು ಮುಚ್ಚಿಟ್ಟು, ಹಣ್ಣನ್ನೋ ಹಣ್ಣಿನ ರಸವನ್ನೋ ಕೊಟ್ಟು, ಕೋಲಾರ ಚಿಕ್ಕಬಳ್ಳಾಪುರಗಳ ನಾಲಗೆಯಿಂದಲೇ ಏಕೆ ತಿಳಿಯಬಾರದು? ಸೋತರೂ ಅದು ನಮ್ಮದೇ ತೀರ್ಪಾಗಿರುತ್ತದೆ.

ಈಗ ಕಣ್ಣು ಕಟ್ಟುವ ವಿಧಾನಕ್ಕೆ ಬರೋಣ. ಇದರ ಶಾಸ್ತ್ರವು ಹುಟ್ಟಿದ್ದು ಮದ್ಯದಿಂದಲ್ಲ, ಚಹದಿಂದ. 1920ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಪಾಚಿವಿಜ್ಞಾನಿಯು, ಬಟ್ಟಲಿಗೆ ಹಾಲನ್ನು ಮೊದಲು ಹಾಕಿದ್ದಾರೆಯೋ ಚಹವನ್ನು ಮೊದಲು ಹಾಕಿದ್ದಾರೆಯೋ ಎಂಬುದನ್ನು ತಾನು ಕುಡಿದು ಹೇಳಬಲ್ಲೆನೆಂದಳು. ಎದುರಿಗಿದ್ದವನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. ಈ ಮಾತನ್ನು ಪರೀಕ್ಷಿಸುವ ಕ್ರಮವನ್ನೇ ಅವನು 1935ರ ತನ್ನ ಪ್ರಯೋಗ ವಿನ್ಯಾಸದ ಗ್ರಂಥದಲ್ಲಿ ದೃಷ್ಟಾಂತವಾಗಿ ವಿವರಿಸಿದನು. ಆಕೆ ಎಲ್ಲವನ್ನೂ ಸರಿಯಾಗಿ ಹೇಳಿದಳೆಂದು ಪ್ರತೀತಿಯಿದೆ, ಗ್ರಂಥದಲ್ಲಿ ಫಲಿತಾಂಶವಿಲ್ಲ. ಫಿಷರನಿಗೆ ಮುಖ್ಯವಾಗಿದ್ದುದು ಆಕೆಯ ನಾಲಗೆಯಲ್ಲ, ಪ್ರಶ್ನೆ ಕೇಳುವ ಕ್ರಮ. ಈ ಫಿಷರನು ಮುಂದೆ ಮಹಾಲನೋಬಿಸರ ಆಹ್ವಾನದ ಮೇಲೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ನಮ್ಮ ದೇಶದ ಈ ವಿದ್ಯೆಯ ಬೆಳವಣಿಗೆಗೆ ನೆರವಾದವನು.

ಈ ಕ್ರಮವನ್ನು ನಮ್ಮ ಮನೆಯ ಕಾಫಿಗೆ ಅನ್ವಯಿಸಬಹುದು. ಚಿಕೋರಿ ಬೆರೆಸಿದ ಕಾಫಿಯನ್ನು ಒಂದೇ ಗುಟುಕಿನಲ್ಲಿ ಕಂಡುಹಿಡಿಯುತ್ತೇನೆಂದು ಹೇಳುವವರು ಕರ್ನಾಟಕದ ಪ್ರತಿ ಮನೆಯಲ್ಲಿಯೂ ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಅವರು ಮನೆಯ ಹಿರಿಯರಾಗಿರುವುದರಿಂದ ಯಾರೂ ಪರೀಕ್ಷಿಸಹೋಗುವುದಿಲ್ಲ. ಎಂಟು ಲೋಟಗಳನ್ನು ತೆಗೆದುಕೊಳ್ಳಿರಿ. ನಾಲ್ಕರಲ್ಲಿ ಶುದ್ಧ ಕಾಫಿ, ನಾಲ್ಕರಲ್ಲಿ ಚಿಕೋರಿ ಬೆರೆತುದು. ಎರಡು ಬಗೆಗಳೂ ನಾಲ್ಕು ನಾಲ್ಕು ಇವೆಯೆಂದು ಅವರಿಗೆ ಮೊದಲೇ ತಿಳಿಸಿ, ಕ್ರಮವನ್ನು ಮಾತ್ರ ಚೀಟಿ ಎತ್ತಿ ನಿರ್ಧರಿಸಿರಿ. ಎಂಟು ಲೋಟಗಳಲ್ಲಿ ನಾಲ್ಕನ್ನು ಆರಿಸುವ ವಿಕಲ್ಪಗಳು 70. ಆದಕಾರಣ ನಾಲಗೆಯಿಂದ ಏನೂ ತಿಳಿಯದವನೊಬ್ಬನು ಬರಿಯ ಊಹೆಯಿಂದಲೇ ನಾಲ್ಕನ್ನೂ ಸರಿಯಾಗಿ ಆರಿಸುವ ಸಂಭವನೀಯತೆ 70ರಲ್ಲಿ 1, ಎಂದರೆ ಶೇಕಡ ಒಂದೂವರೆಗಿಂತಲೂ ಕಡಿಮೆ. ಹಾಗೆ ಆರಿಸಿದವರ ಮಾತನ್ನು ನಾವು ಗೌರವದಿಂದ ಒಪ್ಪಬಹುದು.

ನಾಲ್ಕರಲ್ಲಿ ಮೂರನ್ನು ಸರಿಯಾಗಿ ಹೇಳಿದರೆ? ಇಲ್ಲಿಯೇ ನಮ್ಮ ಅಂದಾಜು ತಪ್ಪುವುದು. ನಾಲ್ಕರಲ್ಲಿ ಮೂರು ಎಂದರೆ ಒಳ್ಳೆಯ ಅಂಕವೆಂದು ತೋರುತ್ತದೆ. ಆದರೆ ಸರಿಯಾದ ನಾಲ್ಕರಲ್ಲಿ ಮೂರನ್ನು 4 ಬಗೆಯಲ್ಲಿ, ತಪ್ಪಾದ ನಾಲ್ಕರಲ್ಲಿ ಒಂದನ್ನು 4 ಬಗೆಯಲ್ಲಿ ಆರಿಸಬಹುದು. ಒಟ್ಟು 16 ವಿಕಲ್ಪಗಳು. ಅದಕ್ಕೆ ಪೂರ್ಣ ಸರಿಯಾದ ಒಂದನ್ನು ಸೇರಿಸಿದರೆ 17. 70ರಲ್ಲಿ 17 ಎಂದರೆ ಶೇಕಡ 24. ಏನೂ ತಿಳಿಯದ ನಾಲ್ಕು ಮಂದಿಯನ್ನು ಕುಳ್ಳಿರಿಸಿದರೆ ಅವರಲ್ಲಿ ಹೆಚ್ಚುಕಡಿಮೆ ಒಬ್ಬನು ಮೂರು ಲೋಟಗಳನ್ನಾದರೂ ‘ಸರಿಯಾಗಿ’ ಗುರುತಿಸಿ, ಅಂದಿನಿಂದ ಊರಿನ ಕಾಫಿ ಪಂಡಿತನೆನಿಸಿಕೊಳ್ಳುತ್ತಾನೆ. ವಿಕಲ್ಪಗಳ ಪಾಠವನ್ನು ಚೆಂಡು, ಪೆಟ್ಟಿಗೆ, ಇಸ್ಪೀಟಿನ ಎಲೆಗಳಿಂದ ಕಲಿಸುವುದಕ್ಕಿಂತ ಹೀಗೆ ಕಲಿಸಿದರೆ ಅದು ಬೇಗನೆ ಮನಸ್ಸಿಗೆ ಹತ್ತುತ್ತದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಇನ್ನು ಆ ರಾತ್ರಿಯ ದೋಸೆ. ವೈನಿಗೂ ದೋಸೆಗೂ ದಾಯಾದಿ ಸಂಬಂಧವಿದೆಯೆಂಬುದನ್ನು ವಿಹಾರಿಗಳು ಗಮನಿಸಿರಲಾರರು. ಎರಡೂ ಹುದುಗಿನ ಮಕ್ಕಳು. ದ್ರಾಕ್ಷಿಯ ರಸದಲ್ಲಿ ಯೀಸ್ಟು 180 ಗ್ರಾಂ ಗ್ಲೂಕೋಸನ್ನು ಒಡೆದು 92 ಗ್ರಾಂ ಮದ್ಯಸಾರವನ್ನೂ 88 ಗ್ರಾಂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆಂಬುದು ಸಮೀಕರಣದ ಲೆಕ್ಕ. ಅಕ್ಕಿ ಉದ್ದುಗಳ ಹಿಟ್ಟಿನಲ್ಲಿ ಪ್ರಧಾನ ಪಾತ್ರ ಬ್ಯಾಕ್ಟೀರಿಯಗಳದು. ಇಡ್ಲಿಯ ಹಿಟ್ಟು ಉಬ್ಬುವುದಕ್ಕೆ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯವೇ ಮುಖ್ಯ ಕಾರಣವೆಂದು 1965ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ರುಬ್ಬಿಟ್ಟ ರಾತ್ರಿ ಅದು ಗಾಳಿಯನ್ನೂ ಹುಳಿಯನ್ನೂ ಕೂಡಿಯೇ ಹುಟ್ಟಿಸುತ್ತದೆ. ಅಡುಗೆಮನೆಯ ಮೂಲೆಯ ಪಾತ್ರೆಯಲ್ಲಿ ನಡೆಯುವ ಈ ಕಾರ್ಯವನ್ನು ನೋಡಲು ಟಿಕೀಟು ಕೊಳ್ಳಬೇಕಾಗಿಲ್ಲ.

ಆದರೆ ‘ಇಂಥ ದೋಸೆ ಊರಿನಲ್ಲಿಯೇ ಇಲ್ಲ’ ಎಂಬ ತೀರ್ಪು ನಿಲ್ಲುವುದೇ? ಹಗಲು ಇರುಳಿನ ಸುಳಿವು ಸಿಗದಂತೆ ಮಂದ ಬೆಳಕಿನ ಕೋಣೆಯಲ್ಲಿ 12 ಜನರನ್ನು ಇರಿಸಿ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಊಟ ನಿದ್ರೆಗಳ ವೇಳೆ ಹೇಗೇ ಇರಲಿ, ದೇಹದ ಒಳಗಿನ ಗಡಿಯಾರವು ಹಸಿವನ್ನು ಬೆಳಗಿನ 8 ಗಂಟೆಯ ಸುಮಾರಿಗೆ ತಗ್ಗಿಸಿ, ರಾತ್ರಿ 8ರ ಸುಮಾರಿಗೆ ಏರಿಸುತ್ತದೆಂದು ಅದರಿಂದ ತಿಳಿದುಬಂದಿತು. ನಿದ್ರೆಗೆಟ್ಟವರ ಪಾಡು ಇನ್ನೂ ಬೇರೆ. 12 ಮಂದಿ ತರುಣರ ನಿದ್ರೆಯನ್ನು ಎರಡು ರಾತ್ರಿ ಮೊಟಕುಗೊಳಿಸಿದಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಶೇಕಡ 28ರಷ್ಟು ಏರಿ, ತೃಪ್ತಿಯನ್ನು ತಿಳಿಸುವ ಲೆಪ್ಟಿನ್ ಶೇಕಡ 18ರಷ್ಟು ಇಳಿಯಿತೆಂದು 2004ರಲ್ಲಿ ವರದಿಯಾಯಿತು. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ಓದುವ ವಿದ್ಯಾರ್ಥಿನಿಲಯದ ಹುಡುಗರಿಗೆ ಈ ಅಂಕಿಗಳ ಅರ್ಥ ನಮಗಿಂತ ಚೆನ್ನಾಗಿ ತಿಳಿದೀತು. ಮದ್ಯವೂ ಸೇರಿದ್ದರಂತೂ ಮಿದುಳಿನಲ್ಲಿ ಹಸಿವನ್ನು ಸಾರುವ ನರಕೋಶಗಳೇ ಎಚ್ಚೆತ್ತುಕೊಳ್ಳುತ್ತವೆಂದು ಇಲಿಗಳ ಮೇಲೆ ಮಾಡಿದ 2017ರ ಸಂಶೋಧನೆ ತೋರಿಸಿದೆ. ಇಷ್ಟು ಮಂದಿ ವಕೀಲರು ಒಂದೇ ಪಕ್ಷವನ್ನು ವಹಿಸಿಕೊಂಡಾಗ ದೋಸೆ ಗೆಲ್ಲದೆ ಇರುವುದು ಹೇಗೆ? ಅದೇ ಗಾಡಿಯ ದೋಸೆಯನ್ನು ಮರುದಿನ ಬೆಳಗ್ಗೆ, ನಿದ್ರೆ ಮಾಡಿ ಎದ್ದು, ತಿಂದು ನೋಡಬೇಕು. (ಹೊಸಕೋಟೆಯಲ್ಲಿ ನಸುಕಿಗೇ ಬಿರಿಯಾನಿಗಾಗಿ ಸಾಲು ನಿಲ್ಲುವವರು ಬೆಳಗಿನ ಹಸಿವಿನ ಈ ನಿಯಮವನ್ನು ಮೀರಿದ್ದಾರಲ್ಲ ಎಂದು ಕೇಳಬಹುದು. ಅವರಲ್ಲಿ ಎಷ್ಟು ಮಂದಿ ರಾತ್ರಿ ಮಲಗಿದ್ದರೆಂಬುದನ್ನು ಮೊದಲು ವಿಚಾರಿಸಬೇಕು.)

ಮನಸ್ಸಿಗೆ ಹಿತವಾಗುವ ಊಟವೆಂದು ನಾವೆಲ್ಲ ಒಂದೊಂದು ಊಟವನ್ನು ಹೃದಯದಲ್ಲಿ ಇಟ್ಟುಕೊಂಡಿರುತ್ತೇವೆ. ಒಬ್ಬರಿಗೆ ತಿಳಿಸಾರು ಅನ್ನ, ಒಬ್ಬರಿಗೆ ಮೊಸರನ್ನ, ಇನ್ನೊಬ್ಬರಿಗೆ ಮುದ್ದೆ ಮತ್ತು ಸೊಪ್ಪಿನ ಸಾರು. ಬೇಸರಗೊಂಡವರಿಗೆ ಇಂಥ ಪ್ರಿಯವಾದ ತಿನಿಸನ್ನೂ, ಕೆಲವರಿಗೆ ಸಾಧಾರಣ ತಿನಿಸನ್ನೂ ಕೊಟ್ಟು, ಕೆಲವರಿಗೆ ಏನನ್ನೂ ಕೊಡದೆ ನೋಡಿದಾಗ ಎಲ್ಲರ ಬೇಸರವೂ ಒಂದೇ ರೀತಿಯಲ್ಲಿ ಕಳೆಯಿತೆಂದು ಅಮೆರಿಕದ ಮನೋವಿಜ್ಞಾನಿಗಳು 2014ರಲ್ಲಿ ತಿಳಿಸಿದರು. ಇದರಿಂದ ತಿಳಿಸಾರಿಗೆ ಅವಮಾನವಾಯಿತೆಂದು ನಾವು ತಿಳಿಯುವುದಿಲ್ಲ. ಇಂಥ ತಿನಿಸುಗಳ ಹಿತವು ಅವುಗಳನ್ನು ಮೊದಲು ಬಡಿಸಿದವರ ನೆನಪಿಗೆ ಅಂಟಿಕೊಂಡಿರುತ್ತದೆಂದು ಬೇರೊಂದು ತಂಡ 2011ರಲ್ಲಿಯೇ ಹೇಳಿತ್ತು. ಎರಡನ್ನೂ ಕೂಡಿಸಿ ನೋಡಿದರೆ ನಮ್ಮ ತಿಂಡಿಬೀದಿಯ ಗುಟ್ಟು ಸ್ವಲ್ಪ ಬಯಲಾಗುತ್ತದೆ. ಅಲ್ಲಿ ಯಾರೂ ಒಬ್ಬಂಟಿಯಾಗಿ ನಿಂತು ತಿನ್ನುವುದು ಅಪರೂಪ. ಗೆಳೆಯರ ಸಂಗಡ ತಿಂದ ದೋಸೆಗೆ ಹೆಚ್ಚು ಅಂಕ ಕೊಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆ ಅಂಕದಲ್ಲಿ ಗೆಳೆಯರ ಪಾಲೆಷ್ಟು, ಹಿಟ್ಟಿನ ಪಾಲೆಷ್ಟು ಎಂದು ತಿಳಿಯಬೇಕೆನಿಸಿದ ದಿನ ಕಣ್ಣು ಕಟ್ಟಿಕೊಳ್ಳಬೇಕು. ಉಳಿದ ದಿನಗಳಲ್ಲಿ ಸುಮ್ಮನೆ ತಿನ್ನಬೇಕು.

ಮೈಸೂರಿನಲ್ಲಿ 1950ರಿಂದ ನಡೆಯುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಇಂದ್ರಿಯಗಳಿಂದ ಆಹಾರದ ಗುಣವನ್ನು ಅಳೆಯುವುದೇ ಒಂದು ಶಾಸ್ತ್ರವಾಗಿದೆ. ಇಂಥ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವಾಗ, ಶಾಲೆಯ ವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ನಾಲಗೆ ಮೂಗುಗಳಿಗೆ ಒಂದು ಮಧ್ಯಾಹ್ನವನ್ನೂ ಕೊಡದಿರುವುದು ಸರಿಯಲ್ಲ. ಸಲ್ಫ್ಯೂರಿಕ್ ಆಮ್ಲವಿಲ್ಲದೆ, ಗಾಜಿನ ಸಾಮಾನಿಲ್ಲದೆ, ಖರ್ಚಿಲ್ಲದೆ ನಡೆಯುವ ಪ್ರಯೋಗವಿದು. ಪ್ರಯೋಗಶಾಲೆಯೇ ಇಲ್ಲದ ಹಳ್ಳಿಯ ಶಾಲೆಗೂ ಇದು ಸಾಧ್ಯ. ಪ್ರಯೋಗಶಾಲೆ ಇರುವ ಕಡೆ ಮಾತ್ರ ಇದನ್ನು ಅದರ ಹೊರಗೆ, ತರಗತಿಯಲ್ಲಿಯೋ ಮರದ ನೆರಳಿನಲ್ಲಿಯೋ ನಡೆಸತಕ್ಕದ್ದು; ರಾಸಾಯನಿಕಗಳಿರುವ ಕೋಣೆಯಲ್ಲಿ ಏನನ್ನೂ ಬಾಯಿಗಿಡಕೂಡದು.

ಮಾಡುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಚಿಕೋರಿಯು ಡಿಕಾಕ್ಷನ್ನಿನ ಬಣ್ಣವನ್ನು ಗಾಢಗೊಳಿಸುವುದರಿಂದ ಕಣ್ಣಿಗೆ ಬಟ್ಟೆ ಕಟ್ಟುವುದು ಅವಶ್ಯ. ಎಲ್ಲ ಲೋಟಗಳೂ ಒಂದೇ ಬಿಸಿಯಲ್ಲಿರಬೇಕು, ಸಕ್ಕರೆ ಹಾಲುಗಳು ಅಳತೆಯಿಂದ ಒಂದೇ ಸಮನಾಗಿರಬೇಕು. ಗುಟುಕಿಗೂ ಗುಟುಕಿಗೂ ನಡುವೆ ಬರಿಯ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಲೋಟಗಳಿಗೆ ಸುರಿಯುವವರು ಒಬ್ಬರು, ತಂದುಕೊಡುವವರು ಇನ್ನೊಬ್ಬರಾಗಿರಬೇಕು. ತಂದುಕೊಡುವವರಿಗೆ ಯಾವ ಲೋಟದಲ್ಲಿ ಯಾವುದಿದೆಯೆಂಬುದು ತಿಳಿದಿರಬಾರದು. ತಿಳಿದಿದ್ದರೆ ಅವರ ದನಿಯಿಂದಲೇ ಉತ್ತರ ಸೋರಿಹೋಗುತ್ತದೆ. ಎಂಟೂ ಉತ್ತರಗಳನ್ನು ಕಾಗದದ ಮೇಲೆ ಬರೆದ ಬಳಿಕವೇ ಚೀಟಿಗಳನ್ನು ಬಿಚ್ಚತಕ್ಕದ್ದು.